ಜೋಡಿಗಂಬ್ಳಿ ಕಣ

ಆಣೆ ಮಾಡು ಮೊದ್ಲು. ಬರೀ ಬಾಯಿಮಾತಲ್ಲಿ ಅಲ್ಲ, ಆ ಒಲೆಗುಂಡು ಮುಟ್ಟಿ ಮಾಡು. ನಾನು ಹೇಳಿದ್ದು ಅಂತ ಮೇಲ್ಮನೆಯೋರ ಕಿವಿಗೋ ಕೆಳಮನೆಯೋರ ಕಿವಿಗೋ ಬಿತ್ತೋ, ನಾಳೆಯಿಂದ ಈ ಹಟ್ಟೀಲಿ ನನಗೆ ಒಂದು ಲೋಟ ಮಜ್ಜಿಗೆ ಹುಟ್ಟಲ್ಲ. ಯಾರ ಗುಟ್ಟನ್ನೂ ಹೊರಗೆ ಬಿಡೋಳಲ್ಲ ನಾನು. ಕೇಳಿದೋರಿಗೆ ಮಾತ್ರ ಹೇಳ್ತೀನಿ, ಅಷ್ಟೇ. ನೀನು ಬಾಡಿಗೆಗೆ ಬಂದು ಇನ್ನೂ ತಿಂಗ್ಳಾಗಿಲ್ಲ, ಪಕ್ಕದ ಮನೆಯೋಳು ಅಂತ ನಂಬಿ ಹೇಳ್ತಾ ಇದೀನಿ. ಮುಟ್ಟಿದ್ಯಾ? ಹಾಂ. ಈಗ ಕೂತ್ಕೊ.

ನೀನು ಮೊನ್ನೆ ನೋಡ್ಕೊಂಡು ಬಂದ್ಯಲ್ಲ, ಊರಿಂದ ಪಡುವಣಕ್ಕೆ ಕಲ್ಲುಗುಡ್ಡದ ಬುಡದಲ್ಲಿರೋ ಕಣ, ಅದನ್ನ ಜೋಡಿಗಂಬ್ಳಿ ಕಣ ಅಂತೀವಿ. ಬಿಸ್ಲಲ್ಲಿ ದೂರದಿಂದ ನೋಡಿದ್ರೆ ನೀರು ನಿಂತಂಗೆ ಹೊಳಿತೈತೆ, ಹತ್ರ ಹೋದ್ರೆ ಬರೀ ಚಪ್ಪಡಿ. ಎಲ್ಲಾ ಒಂದೇ ಅಳತೆ, ಒಂದೂವರೆ ಮೊಳದ್ದು, ಸಂದೀಲಿ ಒಂದು ಸಜ್ಜೆಕಾಳು ಇಳಿಯಲ್ಲ. ಈ ಕಡೆಯಿಂದ ಎಣಿಸಿದ್ರೂ ಹದಿನೇಳು, ಆ ಕಡೆಯಿಂದ ಎಣಿಸಿದ್ರೂ ಹದಿನೇಳು. ಕಲ್ಲಿನ ಮ್ಯಾಲೆ ಉಳಿಯಿಂದ ಗೀರಿರೋ ಗೆರೆ ನೋಡಿದ್ಯಲ್ಲ, ದೊಡ್ಡ ಚೌಕದೊಳಗೆ ಇನ್ನೊಂದು ಚೌಕ, ಅದ್ರೊಳಗೆ ಮತ್ತೊಂದು? ಓದಿರೋರು ಬಂದು ಅದ್ರ ಫೋಟೊ ತಕ್ಕೊಂಡು ತಲೆ ಕೆರ್ಕೊಂಡು ಹೋಗ್ತಾರೆ. ಅಲ್ಲಿ ಬೋರ್ಡಲ್ಲಿ ಏನು ಬರ್ದವ್ರೆ ಹೇಳು? ಪಾಳೇಗಾರರು ಯುದ್ಧ ಗೆದ್ದು ಬಂದಾಗ ಅಣ್ಣತಮ್ಮಂದಿರು ಎರಡು ಜರಿ ಕಂಬಳಿ ಹಾಸಿ ಸ್ವಾಗತ ಮಾಡಿದ ಸ್ಥಳ ಅಂತ. ಕಂಬ್ಳಿಗೆ ಜರಿಯಂತೆ! ಹಂದಿಗೆ ಮೂಗುಬಟ್ಟು ಇಕ್ಕಿದಂಗೆ. ಆ ಬೋರ್ಡು ಬರೆಸಿದ್ದು ಮೇಲ್ಮನೆಯೋರು, ಬಣ್ಣ ತಂದಿದ್ದು ಕೆಳಮನೆಯೋರು. ಮಿಕ್ಕಿದ್ದಕ್ಕೆಲ್ಲಾ ಕಿತ್ತಾಡೋ ಎರಡು ಮನೆಯೋರೂ ಸುಳ್ಳು ಹೇಳೋಕೆ ಮಾತ್ರ ಒಂದಾಗ್ತಾರೆ. ಯಾಕೆ ಅಂದ್ರೆ, ನಿಜ ಹೇಳಿದ್ರೆ ಅವ್ರ ಮುತ್ತಾತಂದಿರು ಒಡಹುಟ್ಟಿದೋಳ ಹೊಟ್ಟೆಗೆ ಏನು ಮಾಡೋಕೆ ಹೊರಟಿದ್ರು ಅನ್ನೋದನ್ನೂ ಹೇಳ್ಬೇಕಾಗ್ತೈತಲ್ಲ.

ಅದಕ್ಕೆ ಮೊದ್ಲು ನಮ್ಮ ಕಣದ ಲೆಕ್ಕ ನಿನಗೆ ಗೊತ್ತಿರ್ಬೇಕು. ನಾನು ಮೂರ್ನೇ ಕ್ಲಾಸಿಗೆ ಸ್ಲೇಟು ಬಿಟ್ಟೋಳು, ಆದ್ರೂ ನಮ್ಮಜ್ಜಿ ಹುಣಸೆಬೀಜ ಜೋಡಿಸಿ ಹೇಳ್ಕೊಟ್ಟಿದ್ದು ಮರೆತಿಲ್ಲ. ಬೇರೆ ಸೀಮೇಲಿ ಕಣಾನ ದುಂಡಗೆ ಬಳೀತಾರಂತೆ, ಅವ್ರ ಕಣ ಅವ್ರಿಗೆ. ಈ ಹಟ್ಟೀಲಿ ಇಡೀ ಚಪ್ಪಡಿ ಹಾಸ್ಬೇಕು, ಉದ್ದಕ್ಕೆ ಎಷ್ಟು ಕಲ್ಲೋ ಅಡ್ಡಕ್ಕೂ ಅಷ್ಟೇ ಕಲ್ಲು ಬರ್ಬೇಕು, ಆಗ್ಲೇ ರಾಶಿ ಪೂಜೆ. ಒಡೆದ ಕಲ್ಲು ಆಗಲ್ಲ, ಮಿಕ್ಕ ಕಲ್ಲೂ ಆಗಲ್ಲ. ನಾಲ್ಕು ಕಲ್ಲಿದ್ರೆ ಕಣ ಕೂರ್ತೈತೆ, ಎರಡೆರಡು ಸಾಲು. ಒಂಬತ್ತಿದ್ರೆ ಕೂರ್ತೈತೆ, ಮೂರ್ಮೂರು ಸಾಲು. ಹದಿನಾರು, ಇಪ್ಪತ್ತೈದು, ಮೂವತ್ತಾರು, ಇವೆಲ್ಲಾ ಕೂರ್ತಾವೆ. ಅದೇ ಹತ್ತು ಕಲ್ಲು ಕೊಟ್ಟು ಕೂರಿಸು ಅನ್ನು ನೋಡೋಣ. ಮೂರ್ಮೂರು ಸಾಲು ಆಗಿ ಒಂದು ಕಲ್ಲು ಬಸ್ಸು ತಪ್ಪಿಸ್ಕೊಂಡಂಗೆ ಹೊರಗೆ ನಿಂತಿರ್ತೈತೆ. ಹನ್ನೆರಡೂ ಕೂರಲ್ಲ, ಇಪ್ಪತ್ತೂ ಕೂರಲ್ಲ. ದೊಡ್ಡ ಸಂಖ್ಯೆ ಚಿಕ್ಕ ಸಂಖ್ಯೆ ಅನ್ನೋ ಮಾತೇ ಅಲ್ಲ ಅದು. ಉದ್ದಕ್ಕೂ ಅಡ್ಡಕ್ಕೂ ತನಗೆ ತಾನೇ ಸಮ ಬರ್ಬೇಕು, ಅಷ್ಟೇ. ಹಳಬರು ಮನುಷ್ಯರ್ನ ನೋಡಿದ್ರೂ ಹಂಗೇ ಅಂತಿದ್ರು, ‘ಇವನು ಕೂರೋ ಲೆಕ್ಕ, ಇವನು ಕೂರದ ಲೆಕ್ಕ’ ಅಂತ.

ಹಿಂದೆ ಒಮ್ಮೆ, ಈ ಊರು ಇನ್ನೂ ಏಳೆಂಟು ಗುಡಿಸ್ಲಿನ ಹಟ್ಟಿ ಆಗಿದ್ದಾಗ, ಇಲ್ಲಿ ಕಂಬ್ಳಿ ನೇಯೋರ ಮನೆ ಒಂದಿತ್ತು ಅಂತಾರೆ. ಅಪ್ಪ ಅವ್ವ ತೀರ್ಕೊಂಡಿದ್ರು. ಹಿರೇಮಗ ಬೀರಯ್ಯ, ಕಿರೇಮಗ ಜುಂಜಯ್ಯ, ಇಬ್ಬರಿಗಿಂತ ದೊಡ್ಡೋಳು ಮಾಳಕ್ಕ. ಬೀರಯ್ಯಂಗೆ ಕರೀ ಕುರಿ ಹಿಂಡು, ಜುಂಜಯ್ಯಂಗೆ ಬಿಳೀ ಕುರಿ ಹಿಂಡು, ಮಾಳಕ್ಕಂಗೆ ಯಾವ ಬಣ್ಣದ್ದೂ ಇಲ್ಲ. ಅವಳ ಗಂಡ ಇನ್ನೊಬ್ಬಳ್ನ ಕಟ್ಕೊಂಡ ಮ್ಯಾಲೆ ಒಂದು ಹರಕು ಕಂಬ್ಳಿ ಹೆಗಲಿಗೆ ಹಾಕ್ಕೊಂಡು ತವರಿಗೆ ನಡ್ಕೊಂಡು ಬಂದೋಳು. ಬಂದ ದಿನದಿಂದ ಇಪ್ಪತ್ತು ವರ್ಷ ಕಣದ ಕೆಲಸ ಎಲ್ಲಾ ಅವಳ್ದೇ: ಗುಡಿಸೋದು, ತೂರೋದು, ರಾಶಿ ಕಾಯೋದು, ನೆಯ್ದ ಕಂಬ್ಳಿಗೆ ಹುಣಸೆಬೀಜದ ಗಂಜಿ ಹಾಕಿ ಕಣದ ಮ್ಯಾಲೆ ಒಣಗಿಸೋದು. ಅದಕ್ಕೆ ಬದ್ಲು, ಸುಗ್ಗೀಲಿ ರಾಶಿಯಿಂದ ತೆಗೆಯೋ ಮೊದಲನೇ ಮೊರ ಅವಳ ಮಡಿಲಿಗೆ. ಹಂಗಂತ ಯಾರೂ ಕರಾರು ಮಾಡಿರ್ಲಿಲ್ಲ, ಸುಮ್ನೆ ನಡ್ಕೊಂಡು ಬಂದಿತ್ತು. ರಾಶಿ ಒಂದೇ ಇರೋ ತನಕ ಅವಳ ಊಟಕ್ಕೆ ಮೋಸ ಇರ್ಲಿಲ್ಲ.

ಜಗಳ ಶುರುವಾಗಿದ್ದು ಒಂದು ಹಿಡಿ ಉಣ್ಣೆಗೆ. ಜುಂಜಯ್ಯನ ಬಿಳೀ ಉಣ್ಣೆಯೊಳಗೆ ಬೀರಯ್ಯನ ಕರೀ ಉಣ್ಣೆ ಬೆರ್ತು, ಒಂದು ಕಂಬ್ಳಿ ಪೂರ್ತಿ ಕತ್ತೆ ಬಣ್ಣಕ್ಕೆ ಬಂತು. ಜುಂಜಯ್ಯನ ಹೆಂಡ್ತಿ ಕರಿಯವ್ವ ಬೀದೀಲಿ ನಿಂತು, ‘ನಿಮ್ಮನೆ ಮಸಿ ನಮ್ಮನೆ ಹಾಲಿಗೆ ಬಿತ್ತಲ್ಲೇ’ ಅಂದ್ಲು. ಬೀರಯ್ಯನ ಹೆಂಡ್ತಿ ಚನ್ನವ್ವ ಬಿಡ್ತಾಳಾ? ‘ಹೆಸ್ರಲ್ಲೇ ಕರೀ ಕಟ್ಕೊಂಡೋಳು ಮಸಿ ಮಾತಾಡ್ತಾಳೆ ನೋಡ್ರಪ್ಪಾ’ ಅಂದ್ಲು. ಅಷ್ಟಕ್ಕೇ ಒಲೆ ಎರಡಾಯ್ತು. ಒಲೆ ಎರಡಾದ ಮ್ಯಾಲೆ ಮಗ್ಗ, ಗಡಿಗೆ, ಎತ್ತು, ಹೊಲ ಎಲ್ಲಾ ಎರಡಾಗ್ಬೇಕು ಅಂತ ಹಟ್ಟಿ ಯಜಮಾನನ್ನ ಕರೆಸಿದ್ರು. ಗಡಿಗೆವರೆಗೂ ಸಲೀಸಾಗಿ ನಡೀತು. ಆಮೇಲೆ ಯಜಮಾನ ‘ಮಾಳಕ್ಕ ಯಾರ ಪಾಲಿಗಪ್ಪಾ?’ ಅಂತ ಕೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಬೀರಯ್ಯ ‘ನನಗೆ ಆರು ಮಕ್ಕಳು, ಕಾಲು ಚಾಚೋಕೆ ಜಾಗ ಇಲ್ಲ’ ಅಂದ. ಜುಂಜಯ್ಯ ಇನ್ನೂ ನಯವಂತ. ‘ಹಿರಿಯೋನು ಇರೋವಾಗ ಅಕ್ಕನ್ನ ನಾನು ಕರ್ಕೊಂಡು ಹೋದ್ರೆ ಅಣ್ಣನ ಮರ್ಯಾದೆ ಏನಾಗ್ಬೇಕು’ ಅಂದ. ಕೊನೆಗೆ, ಕಣ ಎರಡಾಗೋ ತನಕ ಅವಳು ಇದ್ದಂಗೆ ಇರ್ಲಿ, ಕಣ ಎರಡಾದ ದಿನ ತನ್ನ ದಾರಿ ತಾನು ನೋಡ್ಕೊಳ್ಳಲಿ ಅಂತ ತೀರ್ಮಾನ ಆಯ್ತು. ಮಾಳಕ್ಕ ಅಲ್ಲೇ ನಾಲ್ಕು ಮಾರು ದೂರದಲ್ಲಿ ಸಜ್ಜೆ ತೂರ್ತಾ ಇದ್ಲು. ಎಲ್ಲಾ ಕೇಳಿಸ್ತು. ಕೈ ನಿಲ್ಲಿಸ್ಲಿಲ್ಲ ಅಂತಾರೆ.

ಕಣ ಒಡೆಯೋದು ಒಂದು ಬೆಳಿಗ್ಗೆ ಕೆಲಸ ಅಂತ ಎಲ್ಲಾರೂ ತಿಳ್ಕೊಂಡಿದ್ರು. ಆಗ ಆ ಕಣ ಹತ್ತಕ್ಕೆ ಹತ್ತು, ನೂರು ಕಲ್ಲು. ಆಳಿಗೆ ಐವತ್ತು. ಕಿತ್ತು ಎರಡು ಕಡೆ ಹಾಸೋಕೆ ಹೋದ್ರು. ಏಳೇಳ್ಲೆ ನಲವತ್ತೊಂಬತ್ತು. ಬೀರಯ್ಯನ ಕಡೆ ಒಂದು ಕಲ್ಲು ಮಿಕ್ತು, ಜುಂಜಯ್ಯನ ಕಡೆ ಒಂದು ಕಲ್ಲು ಮಿಕ್ತು. ನೂರು ಕೂತಿತ್ತು, ಐವತ್ತು ಕೂರ್ಲಿಲ್ಲ. ಮಿಕ್ಕ ಕಲ್ಲು ಎತ್ತಿ ಬಿಸಾಕೋಣ ಅಂದ್ರೆ ಅಪ್ಪ ಹಾಸಿದ ಕಲ್ಲು, ಬಿಸಾಕಂಗಿಲ್ಲ. ಯಜಮಾನ ಬುದ್ಧಿವಂತ. ಸ್ವಲ್ಪ ಹೊತ್ತು ಬೆರಳು ಮಡಿಸಿ ‘ಒಂದು ದಾರಿ ಐತೆ. ಒಬ್ಬ ಎಂಟಕ್ಕೆ ಎಂಟು ತಗೊಳ್ಳಿ, ಅರವತ್ನಾಲ್ಕು. ಇನ್ನೊಬ್ಬ ಆರಕ್ಕೆ ಆರು ತಗೊಳ್ಳಿ, ಮೂವತ್ತಾರು. ಸರಿಯಾಗಿ ನೂರು. ಒಂದು ಕಲ್ಲೂ ಮಿಕ್ಕಲ್ಲ’ ಅಂದ. ನೋಡು, ಎಷ್ಟು ಚೆಂದ ಕೂತಿತ್ತು. ‘ಆರರ್ದು ಯಾರಿಗೆ?’ ಅಂತ ಇಬ್ಬರೂ ಒಟ್ಟಿಗೇ ಕೇಳಿದ್ರು. ಅಲ್ಲಿಗೆ ಮುಗೀತು. ಆ ಕಣ ಎರಡಾಗೋಕೆ ತಯಾರಿತ್ತಮ್ಮ. ಒಬ್ಬ ಚಿಕ್ಕದು ತಗೊಂಡಿದ್ರೆ ಸಾಕಿತ್ತು. ಸಮಾನೇ ಬೇಕು ಅಂತ ಹಟ ಹಿಡಿದ ಮ್ಯಾಲೆ ಲೆಕ್ಕ ಮುಖ ತಿರುಗಿಸ್ಕೊಳ್ತು.

ಹೊಸ ಕಲ್ಲು ತಂದು ಕಣ ದೊಡ್ಡದು ಮಾಡ್ಬಹುದು ಅಂತ ಕಟ್ಟಳೆಯಲ್ಲಿ ಐತೆ. ಆದ್ರೆ ಮೊದ್ಲು ಇಡೀ ಕಣ ಒಂದಾಗಿ ಕೂರ್ಬೇಕು, ಒಂದು ಸುಗ್ಗಿ ರಾಶಿ ಪೂಜೆ ಆಗ್ಬೇಕು, ಆಮೇಲೆ ಪಾಲು. ಅಣ್ಣತಮ್ಮಂದಿರು ಗುಡ್ಡ ಹತ್ತಿ ನಲವತ್ನಾಲ್ಕು ಚಪ್ಪಡಿ ಸೀಳಿ ತಂದ್ರು. ಕಣ ಹನ್ನೆರಡಕ್ಕೆ ಹನ್ನೆರಡಾಯ್ತು, ನೂರ ನಲವತ್ನಾಲ್ಕು ಕಲ್ಲು. ಸುಗ್ಗಿ ಮುಗೀತು, ಮಾಳಕ್ಕನ ಮಡಿಲಿಗೆ ಮೊದಲನೇ ಮೊರ ಬಿತ್ತು, ಪಾಲಿಗೆ ಕೂತ್ರು. ಆಳಿಗೆ ಎಪ್ಪತ್ತೆರಡು. ಎಂಟೆಂಟ್ಲೆ ಅರವತ್ನಾಲ್ಕು ಹಾಸಿದ್ಮೇಲೆ ಎಂಟೆಂಟು ಕಲ್ಲು ಮಿಕ್ವು. ಹೋದ ಸಲ ಒಂದೊಂದು ಮಿಕ್ಕಿತ್ತು, ಈ ಸಲ ಎಂಟೆಂಟು. ಕಿತ್ತಿದ್ದನ್ನೆಲ್ಲಾ ಮತ್ತೆ ಒಟ್ಟಿಗೇ ಹಾಸಿದ್ರು. ಅದೇ ವರ್ಷ ನೋಡು ಮಾಳಕ್ಕಂಗೆ ನಿಜ ಹೊಳೆದಿದ್ದು.

ಹೊಳೆದಿದ್ದು ವಾರಗಿತ್ತಿಯರ ದಯದಿಂದ. ಗಂಜಿ ಹಾಕಿದ ಕಂಬ್ಳಿ ಒಣಗಿಸೋಕೆ ಚನ್ನವ್ವ ಮೂಡಲ ಮೂಲೆ ಹಿಡಿದ್ಲು, ಕರಿಯವ್ವ ಎದುರಿನ ಮೂಲೆ ಹಿಡಿದ್ಲು. ಇಬ್ಬರಿಗೂ ಕಣದ ಅರ್ಧ ಬೇಕು, ಅದೂ ಚೌಕವಾಗಿ ಬೇಕು. ಚನ್ನವ್ವ ತನ್ನ ಮೂಲೆಯಿಂದ ಕರೀ ಕಂಬ್ಳಿ ಹರಡ್ತಾ ಬಂದ್ಲು, ಕರಿಯವ್ವ ತನ್ನ ಮೂಲೆಯಿಂದ ಬಿಳೀ ಕಂಬ್ಳಿ ಹರಡ್ತಾ ಬಂದ್ಲು. ನಡುವೆ ಒಂದ್ರ ಮ್ಯಾಲೊಂದು ಬಿದ್ದು ಎರಡು ಪದರ ಆಯ್ತು. ‘ತೆಗಿಯೇ ನಿನ್ನ ಬಿಳೀದನ್ನ’, ‘ನೀನು ತೆಗಿಯೇ ನಿನ್ನ ಕರೀದನ್ನ’ ಅಂತ ಇಬ್ಬರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ್ರು. ಮಿಕ್ಕ ಎರಡು ಮೂಲೆ ಖಾಲಿ ಬಿದ್ದಿದ್ವು, ಆ ಕಡೆ ಇಬ್ಬರೂ ತಿರುಗಿ ನೋಡ್ಲಿಲ್ಲ. ಮಾಳಕ್ಕ ನೋಡಿದ್ಲು. ಇಪ್ಪತ್ತು ವರ್ಷ ಗಿಡ್ಡ ಕಂಬ್ಳಿ ಹೊದ್ದೋಳು ಅವಳು. ಎದೆ ಮ್ಯಾಲೆ ಎರಡು ಪದರ ಮಾಡ್ಕೊಂಡ್ರೆ ಅಷ್ಟೇ ಉದ್ದ ಕಾಲು ಹೊರಗಿರ್ತೈತೆ ಅನ್ನೋದು ಅವಳಿಗೆ ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ. ಅವತ್ತಿಂದ ಒಂದು ವಾರ ಹುಣಸೆಬೀಜ ಗುಡ್ಡೆ ಹಾಕ್ಕೊಂಡು ಕೂರ್ತಿದ್ಲಂತೆ. ಎಂಟನೇ ದಿನ ಬೀಜಾನೆಲ್ಲಾ ಹುರ್ಕೊಂಡು ತಿಂದು ಸುಮ್ನಾದ್ಲು. ಈ ಕಣ ಯಾವತ್ತೂ ಎರಡು ಸಮ ಚೌಕ ಆಗಲ್ಲ ಅಂತ ಅವಳಿಗೆ ಗೊತ್ತಾಗಿತ್ತು. ಬಾಯಿ ಬಿಡ್ಲಿಲ್ಲ. ಯಾಕೆ ಬಿಡ್ತಾಳೆ? ಅವ್ರು ಹಾಸಿ ಕೀಳ್ತಾ ಇರೋ ತನಕ ರಾಶಿ ಒಂದೇ, ರಾಶಿ ಒಂದೇ ಇರೋ ತನಕ ಅವಳಿಗೆ ಮೊದಲನೇ ಮೊರ. ನಿಜ ಹೇಳಿದ್ರೆ, ‘ಹಂಗಾದ್ರೆ ಕಟ್ಟಳೆ ಹಾಳಾಗಿ ಹೋಗ್ಲಿ’ ಅಂತ ನಡುವೆ ಒಂದು ಬೇಲಿ ಎಳೆದು ಅವಳ್ನ ಹೊರಗೆ ಹಾಕಿದ್ರೆ? ನಾನಾಗಿದ್ರೂ ಸುಮ್ನೇ ಇರ್ತಿದ್ದೆ. ನೀನೂ ಅಷ್ಟೇ, ದೊಡ್ಡ ಮಾತಾಡ್ಬೇಡ.

ಅಷ್ಟರಲ್ಲಿ ಜುಂಜಯ್ಯ ಒಂದು ಉಪಾಯ ತೆಗೆದ. ‘ಅಣ್ಣಾ, ನಾವು ಹಿಂದ್ಲಿಂದ ಬರೋಣ. ಈ ಹನ್ನೆರಡರ ಕಣಾನ ನೀನು ಇಟ್ಕೊ. ಇಂಥದೇ ಇನ್ನೊಂದು ಹನ್ನೆರಡರ್ದು ನನಗೆ. ಎರಡೂ ಸೇರಿ ಇನ್ನೂರ ಎಂಬತ್ತೆಂಟು. ಅಷ್ಟು ಕಲ್ಲು ತಂದು ಹಾಸಿ ಪೂಜೆ ಮಾಡಿ ಬಿಡಿಸ್ಕೊಂಡ್ರಾಯ್ತು.’ ಬೀರಯ್ಯ ತಲೆ ಆಡಿಸಿದ. ಪಾಲಿಗೋಸ್ಕರ ಆ ಎರಡು ಮೂರು ವರ್ಷ ಅವ್ರು ಒಟ್ಟಿಗೆ ಮಾಡಿದಷ್ಟು ಕೆಲಸ ಹುಟ್ಟಿದಾಗ್ಲಿಂದ ಮಾಡಿರ್ಲಿಲ್ಲ, ಅದೊಂದು ತಮಾಷೆ. ಇನ್ನೂರ ಎಂಬತ್ತೆಂಟು ಕಲ್ಲು ಹಾಸೋಕೆ ಹೋದಾಗ ಗೊತ್ತಾಯ್ತು, ಹದಿನೇಳು ಸಾಲಿಗೆ ಒಂದೇ ಒಂದು ಕಲ್ಲು ಕಮ್ಮಿ. ಇನ್ನೂರ ಎಂಬತ್ತೊಂಬತ್ತಿದ್ರೆ ಕೂರ್ತೈತೆ. ಒಂದು ಕಲ್ಲು ತಾನೇ, ಮೊದ್ಲು ಕೂರ್ಲಿ, ಮಿಕ್ಕಿದ್ದು ಆಮೇಲೆ ನೋಡೋಣ ಅಂತ ಜುಂಜಯ್ಯ ಗುಡ್ಡಕ್ಕೆ ಹೋದ. ಆ ಕಲ್ಲು ಇಳಿಸೋವಾಗ ಹಗ್ಗ ಹರೀತು. ಚಪ್ಪಡಿ ಅವನ ಬಲಗಾಲಿನ ಮ್ಯಾಲೆ ಬಿತ್ತು.

ಮೊಣಕಾಲಿಂದ ಕೆಳಗೆ ಜಜ್ಜಿ ಹೋಗಿತ್ತು. ಕರಿಯವ್ವ ಗಂಡನ ತಲೆ ತೊಡೆ ಮ್ಯಾಲಿಟ್ಕೊಂಡು ಕಲ್ಲಿಗೆ ಶಾಪ ಹಾಕಿದ್ಲು, ಭಾವನಿಗೆ ಹಾಕಿದ್ಲು, ಕೊನೆಗೆ ತನಗೇ ಹಾಕ್ಕೊಂಡ್ಲು. ಮಾಳಕ್ಕ ಎರಡು ತಿಂಗ್ಳು ಸೊಪ್ಪು ಅರೆದು ಪಟ್ಟು ಹಾಕಿದ್ಲು. ಪ್ರಾಣ ಉಳೀತು, ಕಾಲು ಸೊಟ್ಟಾಯ್ತು. ಅವಳು ಪಟ್ಟು ಬಿಚ್ಚಿ ಕಟ್ಟೋವಾಗ ಒಂದಿನ ಜುಂಜಯ್ಯ ಹಲ್ಲು ಕಚ್ಕೊಂಡು, ‘ಇನ್ನೊಂದೇ ಸುಗ್ಗಿ ಅಕ್ಕಾ. ಆಮೇಲೆ ನನ್ನ ಕಣ ನಂದು’ ಅಂದ. ಅವನ್ನ ಸೊಂಟದ ಮ್ಯಾಲೆ ಹೊತ್ತು ಬೆಳೆಸಿದೋಳು ಅವಳು. ಆ ಕಾಲಿಗೆ ನಡೆಯೋಕೆ ಕಲಿಸಿದೋಳು. ಎದ್ದು ಹೋಗಿ ಕೈ ತೊಳ್ಕೊಂಡ್ಲಂತೆ, ಎಷ್ಟೋ ಹೊತ್ತು ತೊಳೀತಾನೇ ಇದ್ಲಂತೆ.

ಸುಗ್ಗಿ ಬಂತು, ಹದಿನೇಳರ ಕಣಕ್ಕೆ ಪೂಜೆ ಆಯ್ತು, ಪಾಲಿನ ದಿನ ಬಂತು. ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಬೀರಯ್ಯಂಗೆ ಹನ್ನೆರಡಕ್ಕೆ ಹನ್ನೆರಡು, ಜುಂಜಯ್ಯಂಗೆ ಹನ್ನೆರಡಕ್ಕೆ ಹನ್ನೆರಡು ಅಂತ ಲೆಕ್ಕ ಹಾಕಿದ್ರು. ಮಿಕ್ಕಿದ್ದು ಒಂದೇ ಒಂದು ಕಲ್ಲು, ಅದೇ ಕಾಲು ತಿಂದ ಕಲ್ಲು. ಬೀರಯ್ಯ ಸುತ್ತಿಗೆ ಎತ್ತಿದ, ‘ಇದನ್ನ ಎರಡು ಹೋಳು ಮಾಡ್ತೀನಿ’ ಅಂದ. ಯಜಮಾನ ಕೈ ಅಡ್ಡ ಹಿಡಿದು, ‘ಒಡೆದ ಕಲ್ಲಿಗೆ ಕಾಳು ಸುರಿಯಲ್ಲ ಕಣೋ’ ಅಂದ. ಬೀರಯ್ಯ ಸುತ್ತಿಗೆ ಎಸೆದು, ‘ಹಂಗಾದ್ರೆ ಮುಂದಿನ ವರ್ಷ ಇನ್ನೂ ದೊಡ್ಡದು ಮಾಡ್ತೀನಿ, ಅದರ ಮುಂದಿನ ವರ್ಷ ಇನ್ನೂ ದೊಡ್ಡದು. ಲೆಕ್ಕಕ್ಕೆ ಕೊನೆ ಐತಾ? ಎಲ್ಲೋ ಒಂದು ಕಡೆ ಕೂತೇ ಕೂರ್ಬೇಕು’ ಅಂದ. ಜುಂಜಯ್ಯ ಕೋಲು ಊರ್ಕೊಂಡು, ‘ನಾನೂ ಬರ್ತೀನಿ ಗುಡ್ಡಕ್ಕೆ’ ಅಂತ ಎದ್ದ. ಆಗ ಮಾಳಕ್ಕ ಮೊರ ಕೆಳಗಿಟ್ಟು, ‘ಕೂರಲ್ಲ’ ಅಂದ್ಲು.

ಅವಳು ಪಂಚಾಯ್ತೀಲಿ ಮಾತಾಡಿದ್ದು ಅದೇ ಮೊದ್ಲು. ಮನೆಯೊಳಗಿದ್ದ ಕರೀ ಕಂಬ್ಳಿ ಬಿಳೀ ಕಂಬ್ಳಿ ಎಲ್ಲಾ ತರಿಸಿದ್ಲು. ಈ ಮೂಲೆಯಿಂದ ಹನ್ನೆರಡಕ್ಕೆ ಹನ್ನೆರಡು ಕಲ್ಲು ಮುಚ್ಚೋಷ್ಟು ಕರೀದು ಹಾಸಿಸಿದ್ಲು, ಎದುರು ಮೂಲೆಯಿಂದ ಅಷ್ಟೇ ಬಿಳೀದು. ನಡುವೆ ಒಂದು ಚೌಕ ಎರಡು ಪದರ ಆಯ್ತು. ಉಳಿದ ಎರಡು ಮೂಲೇಲಿ ಎರಡು ಚಿಕ್ಕ ಚೌಕ ಬಯಲಾಗೇ ಉಳಿದ್ವು. ‘ಯಜಮಾನ್ರೇ, ಇಬ್ಬರ ಕಂಬ್ಳಿ ಸೇರಿ ಇಡೀ ಕಣಕ್ಕೆ ಸಮ ಅನ್ನೋದಾದ್ರೆ, ಎರಡು ಪದರ ಬಿದ್ದಿರೋದು ಎಷ್ಟೋ, ಬಯಲು ಬಿದ್ದಿರೋದೂ ಅಷ್ಟೇ ಇರ್ಬೇಕು. ಹೌದೋ ಅಲ್ಲೋ?’ ಯಜಮಾನ ಹೌದು ಅಂದ. ‘ಎಣಿಸಿ.’ ಎಣಿಸಿದ್ರು. ನಡುವಿನ ಚೌಕ ಏಳಕ್ಕೆ ಏಳು, ಮೂಲೆ ಚೌಕ ಒಂದೊಂದೂ ಐದಕ್ಕೆ ಐದು. ‘ಅಂದ್ರೆ ಈ ಏಳರ ಕಣ ಎರಡು ಐದರ ಕಣಕ್ಕೆ ಸಮ ಆಗ್ಬೇಕು. ಅದೇ ಜಗಳ ತಾನೇ, ಸ್ವಲ್ಪ ಚಿಕ್ಕದಾಗಿ?’ ಅಂದ್ಲು. ಮಿಕ್ಕ ಕಂಬ್ಳಿ ಎಲ್ಲಾ ಎತ್ತಿಸಿ, ಆ ಏಳರ ಚೌಕದೊಳಗೆ ಐದರ ಕರೀದು ಈ ಮೂಲೆಗೆ, ಐದರ ಬಿಳೀದು ಆ ಮೂಲೆಗೆ ಹಾಸಿದ್ಲು. ನಡುವೆ ಮೂರಕ್ಕೆ ಮೂರು ಎರಡು ಪದರ, ಮೂಲೇಲಿ ಎರಡಕ್ಕೆ ಎರಡು ಬಯಲು. ಮತ್ತೆ ಅದೇ ಜಗಳ, ಇನ್ನೂ ಚಿಕ್ಕದಾಗಿ. ಮೂರರೊಳಗೆ ಎರಡರ್ದು, ಎರಡರ್ದು ಹಾಸಿದ್ಲು. ಈಗ ನಡುವೆ ಎರಡು ಪದರ ಬಿದ್ದಿದ್ದು ಒಂದೇ ಕಲ್ಲು. ಬಯಲು ಬಿದ್ದಿದ್ದು ಈ ಮೂಲೆಗೊಂದು, ಆ ಮೂಲೆಗೊಂದು, ಎರಡು ಕಲ್ಲು.

ಮಾಳಕ್ಕ ಆ ನಡುಗಲ್ಲಿನ ಮ್ಯಾಲೆ ನಿಂತ್ಕೊಂಡು, ‘ಮೇಲಿನ ಜಗಳ ಸರಿ ಹೋಗ್ಬೇಕಾದ್ರೆ ಈ ಒಂದು ಕಲ್ಲು ಆ ಎರಡು ಕಲ್ಲಿಗೆ ಸಮ ಅನ್ಬೇಕು. ಅಂತೀಯೇನೋ ಬೀರಾ?’ ಅಂದ್ಲು. ಆಮೇಲೆ ಅವಳೇ ಮುಂದಕ್ಕೆ ಹೇಳಿದ್ಲು, ‘ನೀನು ಗುಡ್ಡ ಪೂರ್ತಿ ಕಿತ್ತು ತಂದು ಹಾಸು. ಎಷ್ಟು ದೊಡ್ಡ ಕಣ ಆದ್ರೂ ಅದ್ರ ಹೊಟ್ಟೇಲಿ ಇದೇ ಜಗಳ ಒಂದು ಸುತ್ತು ಚಿಕ್ಕದಾಗಿ ಕೂತಿರ್ತೈತೆ. ಅದ್ರ ಹೊಟ್ಟೇಲಿ ಇನ್ನೊಂದು. ಕಲ್ಲು ಮುಗಿಯೋ ತನಕ ಇಳ್ಕೊಂಡು ಹೋಗ್ತೈತೆ, ಕೊನೇಗೆ ಇಂಥದ್ದೇ ಆಗದ ಮಾತಿಗೆ ಬಂದು ನಿಲ್ತೈತೆ. ಎಣಿಸಿ ಎಣಿಸಿ ನಾನು ಸೋತಿದೀನಿ ಕಣಪ್ಪಾ.’

ಆಗ ಬೀರಯ್ಯಂಗೆ ಅವಳು ಒಂದು ವಾರ ಹುಣಸೆಬೀಜ ಗುಡ್ಡೆ ಹಾಕ್ಕೊಂಡು ಕೂತಿದ್ದು ನೆನಪಾಯ್ತು, ಮುಖ ಕೆಂಪಗಾಯ್ತು. ‘ಹಂಗಾದ್ರೆ ಹನ್ನೆರಡರ ಕಣದಾಗ್ಲಿಂದ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಕೈಲಿ ಕಲ್ಲು ಹೊರಿಸಿದ್ಯಾ?’ ಮಾಳಕ್ಕ ಸುಳ್ಳು ಹೇಳ್ಬಹುದಿತ್ತು. ಈಗಷ್ಟೇ ಹೊಳೀತು ಅಂದಿದ್ರೆ ಯಾರು ಕೇಳೋರು? ಹೇಳ್ಲಿಲ್ಲ. ‘ಗೊತ್ತಿತ್ತು. ನೀವು ಕಲ್ಲು ಹೊರೋ ತನಕ ನನಗೆ ಊಟ ಇತ್ತು. ಅದಕ್ಕೇ ಸುಮ್ನಿದ್ದೆ’ ಅಂದ್ಲು. ‘ಈಗ್ಯಾಕೆ ಬಾಯಿ ಬಂತು?’ ಅವಳು ಜುಂಜಯ್ಯನ ಕಾಲಿನ ಕಡೆ ನೋಡಿದ್ಲು. ‘ನನ್ನ ಊಟಕ್ಕೆ ಇಷ್ಟು ಬೆಲೆ ಅಂತ ಗೊತ್ತಿರ್ಲಿಲ್ಲ. ಇನ್ನೊಂದು ಕಾಲು ಹೋಗೋದು ಬ್ಯಾಡ. ನೀವು ಬೇಲಿನಾದ್ರೂ ಹಾಕ್ಕೊಳ್ಳಿ, ಏನಾದ್ರೂ ಮಾಡ್ಕೊಳ್ಳಿ, ನಾನು ಹೋಗ್ತೀನಿ’ ಅಂತ ಹರಕು ಕಂಬ್ಳಿ ಹೆಗಲಿಗೆ ಹಾಕ್ಕೊಂಡ್ಲು.

ಬಾಯಿ ಬಿಟ್ಟಿದ್ದು ಯಾರು ಗೊತ್ತಾ? ಕರಿಯವ್ವ. ಎಲ್ಲಾರಿಗಿಂತ ಗಯ್ಯಾಳಿ ಅನ್ನಿಸ್ಕೊಂಡೋಳು. ಯಜಮಾನನ ಮುಂದೆ ಬಂದು, ‘ತಾತಾ, ಕರೀ ಕಂಬ್ಳಿ ಬಿದ್ದಿರೋ ಕಲ್ಲು ಯಾರ್ದು?’ ಅಂದ್ಲು. ‘ಬೀರಂದು.’ ‘ಬಿಳೀ ಕಂಬ್ಳಿ ಬಿದ್ದಿರೋ ಕಲ್ಲು?’ ‘ನಿನ್ನ ಗಂಡಂದು.’ ‘ಎರಡೂ ಬಿದ್ದಿರೋ ಕಲ್ಲು?’ ಯಜಮಾನ ಯೋಚ್ನೆ ಮಾಡಿ ‘ಇಬ್ಬರ್ದೂ’ ಅಂದ. ‘ಹಂಗಾದ್ರೆ ಅದ್ರ ಮ್ಯಾಲೆ ನಿಂತಿರೋಳು ಯಾರೋಳು?’ ಅಂತ ಕೇಳಿ, ಉತ್ತರಕ್ಕೂ ಕಾಯದೆ ರಾಶಿಯಿಂದ ಒಂದು ಮೊರ ಸಜ್ಜೆ ಎತ್ಕೊಂಡು ಬಂದು ಮಾಳಕ್ಕನ ಮಡಿಲಿಗೆ ಸುರಿದ್ಲು. ಚನ್ನವ್ವ ಹಿಂದೆ ಬೀಳೋಳಾ? ವಾರಗಿತ್ತಿ ಒಂದು ಮೊರ ಹಾಕಿದ್ರೆ ತಾನು ಗೋಪುರ ಆಗೋ ಹಂಗೆ ಒಂದು ಮೊರ ತಂದು ಹಾಕಿದ್ಲು. ಪ್ರೀತಿಗೋ ಪಂತಕ್ಕೋ, ಮಡಿಲು ತುಂಬ್ತಲ್ಲ. ಮನೆ ಎರಡಾಯ್ತು, ಮೇಲ್ಮನೆ ಕೆಳಮನೆ ಅಂತ. ಕಣ ಮಾತ್ರ ಒಂದೇ ಉಳೀತು. ಜುಂಜಯ್ಯ ಓಡಾಡೋಕಾಗದೆ ಕೂತಲ್ಲೇ ಉಳಿ ಹಿಡಿದು, ಅಕ್ಕ ಕಂಬ್ಳಿ ಹಾಸಿದ ಚೌಕಗಳ್ನ ಕಲ್ಲಿನ ಮ್ಯಾಲೆ ಗೀರಿದ. ಮತ್ತೆ ಯಾರೂ ಗುಡ್ಡಕ್ಕೆ ಹೋಗ್ಬಾರ್ದು ಅಂತ. ಅವತ್ತಿಂದ ಅದಕ್ಕೆ ಜೋಡಿಗಂಬ್ಳಿ ಕಣ ಅಂತ ಹೆಸ್ರು ಬಂತು ಅಂತಾರೆ.

ಈಗ್ಲೂ ಹೋಗಿ ನೋಡು, ಎಲ್ಲಾ ಕಲ್ಲೂ ಒರಟಾಗವೆ, ಆ ನಡುಗಲ್ಲು ಮಾತ್ರ ಎರಡು ಪಾದದಷ್ಟು ಸವೆದು ನುಣುಪಾಗೈತೆ. ಮಾಳಕ್ಕ ಒಬ್ಬಳೇ ಸವೆಸಿದ್ದಲ್ಲ ಅದು. ಈ ಊರಿಗೆ ವಾಪಸ್ ಬಂದ ಯಾವ ಹೆಣ್ಣುಮಗಳಾದ್ರೂ ಸುಗ್ಗಿ ದಿನ ಹೋಗಿ ಆ ಕಲ್ಲಿನ ಮ್ಯಾಲೆ ನಿಂತ್ರೆ, ಎರಡು ಮನೆಯಿಂದ್ಲೂ ಒಂದೊಂದು ಮೊರ ಹಾಕ್ಲೇಬೇಕು. ನಾನು ಕಂಡಂಗೇ ನಾಲ್ಕು ಜನ ನಿಂತವ್ರೆ. ಕೊನೇಲಿ ನಿಂತೋಳು ನಮ್ಮ ಓಣಿ ಹೊನ್ನಕ್ಕ, ಹೋದ ವರ್ಷ. ಎರಡು ಹೆಣ್ಣುಮಕ್ಕಳ್ನ ಕಟ್ಕೊಂಡು, ಗಂಡನ ಮನೆಯಿಂದ ಬೆನ್ನು ಊದಿಸ್ಕೊಂಡು ಬಂದಿದ್ಲು. ಬೆಳಿಗ್ಗೆಯಿಂದ ನಿಂತ್ಲು ಪಾಪ. ಮೇಲ್ಮನೆಯೋರು ಕೆಳಮನೆಯೋರ್ನ ನೋಡ್ತಾರೆ, ಕೆಳಮನೆಯೋರು ಮೇಲ್ಮನೆಯೋರ್ನ ನೋಡ್ತಾರೆ, ಒಬ್ಬರೂ ಮೊರಕ್ಕೆ ಕೈ ಹಾಕಲ್ಲ. ಆ ಬೋರ್ಡು ಬಂದ ಮ್ಯಾಲೆ ಅವ್ರಿಗೂ ಜರಿ ಕಂಬ್ಳಿ ಕಥೆಯೇ ನಿಜ ಅನ್ಸೋಕೆ ಶುರುವಾಗಿತ್ತೋ ಏನೋ. ಬಿಸ್ಲು ನೆತ್ತಿಗೆ ಬಂತು. ಚಿಕ್ಕ ಮಗು ಅಳೋಕೆ ಹತ್ತಿತ್ತು. ಆಗ ನಾನು ತಡೀಲಾರದೆ ಜನದ ನಡುವೆ ಹೋಗಿ ಎರಡು ಮನೆ ಯಜಮಾನ್ತಿಯರ ಮುಖಕ್ಕೇ ಕೇಳ್ದೆ, ‘ಯಾಕ್ರೇ, ಲೆಕ್ಕ ಮರೆತು ಹೋಯ್ತಾ, ಎಲ್ಲಾರ ಮುಂದೆ ಕಂಬ್ಳಿ ಹಾಸಿ ತೋರಿಸ್ಲಾ ಈಗ’ ಅಂತ. ಅಷ್ಟು ಅಂದಿದ್ದೇ ತಡ, ಮೇಲ್ಮನೆಯೋಳು...

ಶ್! ಸುಮ್ನಿರು. ಮೆಟ್ಲ ಹತ್ರ ಬಳೆ ಸದ್ದು. ಅವಳೇ, ಹೊನ್ನಕ್ಕ. ಎರಡು ಮನೆ ಸಜ್ಜೇನೂ ಒಂದೇ ಬೀಸುಗಲ್ಲಿಗೆ ಹಾಕಿ ರೊಟ್ಟಿ ತಟ್ತಾಳೆ, ಬಿಸಿ ಇರೋವಾಗ್ಲೇ ನನಗೂ ಒಂದು ತಂದು ಕೊಡ್ತಾಳೆ. ಕಣ್ಣು ಒರೆಸ್ಕೊ, ಅವಳ ಮುಂದೆ ಹಂಗೆಲ್ಲಾ ಮುಖ ಮಾಡ್ಬೇಡ, ಅವಳಿಗೆ ಆಗಲ್ಲ. ಬಾ ಹೊನ್ನಕ್ಕಾ, ಬಾ ಒಳಗೆ, ಏನಿಲ್ಲ ಕಣೇ, ಇವಳಿಗೆ ಈ ಸಲದ ಮಳೆ ವಿಷಯ ಹೇಳ್ತಿದ್ದೆ.